ಕೋಲಾರದ ಕಡೆ ಒಂದು ಬೆರಳು

ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದೆಂದರೆ ಒಂದು ಶಿಕ್ಷೆ ಎಂದು ನನ್ನ ಹೆಂಡತಿ ರತ್ನಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೆಚ್ಚೆಂದರೆ ಅರ್ಧ ಮುಕ್ಕಾಲು ಗಂಟೆಯ ದಾರಿ. ಅಷ್ಟರಲ್ಲಿ ನಾನು ಐದಾರು ಸಲ ಏಳುತ್ತೇನೆ, ಅವಳ ಮೇಲೆ ಬಾಗಿ ಕಿಟಕಿಯಾಚೆ ಕತ್ತು ಹಾಕುತ್ತೇನೆ, ಹಿಂದಕ್ಕೆ ತಿರುಗಿ ನೋಡಿ ಲೊಚಗುಟ್ಟುತ್ತೇನೆ. ಹೊರಗೆ ನೋಡುವಂಥದ್ದು ಏನೂ ಇರುವುದಿಲ್ಲ. ಯಾವುದೋ ಜಾಹೀರಾತು ಬೋರ್ಡಿನ ಮೂಲೆಯ ಕಟ್ಟು ಬಿಚ್ಚಿಕೊಂಡು ಪಟಪಟ ಎನ್ನುತ್ತಿರುತ್ತದೆ, ಅಷ್ಟೇ. ಅದು ನಮ್ಮ ಬೋರ್ಡೂ ಅಲ್ಲ. ಆದರೂ ಅದನ್ನು ಹಾಗೇ ಬಿಟ್ಟು ಮುಂದೆ ಹೋದರೆ ಊಟ ಮಾಡಿ ಕೈ ತೊಳೆಯದೆ ಎದ್ದ ಹಾಗೆ ನನಗೆ.

"ಸುಮ್ನೆ ಕೂತ್ಕಳ್ರಿ. ಆ ಬೋರ್ಡ್ಗೆ ಇಲ್ದಿರೋ ಉರಿ ನಿಮ್ಗ್ಯಾಕೆ?" ಎನ್ನುತ್ತಾಳೆ ಅವಳು.

ಕೂರುತ್ತೇನೆ. ಎರಡು ನಿಮಿಷ. ಆಮೇಲೆ ಇನ್ನೊಂದು ಬೋರ್ಡು ಬರುತ್ತದೆ.

ಇದನ್ನು ಬರೆಯುವಾಗಲೂ ಅಷ್ಟೇ. ಆಷಾಢದ ಗಾಳಿ ಎದ್ದಿದೆ. ಪಕ್ಕದ ಮನೆಯವರು ಸೌದೆಯ ಮೇಲೆ ಹೊದಿಸಿದ ಹಳೆಯ ಫ್ಲೆಕ್ಸ್ ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಎರಡು ಸಾಲು ಬರೆದೆ, ಎದ್ದು ಹೋಗಿ ಅದರ ಮೇಲೊಂದು ಕಲ್ಲು ಇಟ್ಟು ಬಂದೆ. ಇನ್ನೆರಡು ಸಾಲು ಬರೆದೆ, ಆ ಕಲ್ಲು ಸಾಲದೆಂದು ಇನ್ನೊಂದು ಇಟ್ಟು ಬಂದೆ. ಹೀಗೇ ಹೋದರೆ ಅವರ ಸೌದೆಯ ಮೇಲೆ ಗೋಡೆ ಎದ್ದೀತು, ನನ್ನ ಬರವಣಿಗೆ ಮಾತ್ರ ಏಳುವುದಿಲ್ಲ.

ಚಿಕ್ಕವನಿದ್ದಾಗಲೇ ನಮ್ಮಜ್ಜಿ ತೀರ್ಪು ಕೊಟ್ಟಿದ್ದಳು: "ಈ ನನ್ ಮಗನ ಕಾಲಾಗೆ ಚಕ್ರ ಐತೆ." ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಹತ್ತದ ಹುಣಸೆ ಮರ ಇರಲಿಲ್ಲ, ಬೀಳದ ಮರವೂ ಇರಲಿಲ್ಲ. ಅಪ್ಪ ಕೋರಮಂಡಲ್ ಗಣಿಯಲ್ಲಿ ಕೆಳಗಿಳಿಯುವ ಕೆಲಸದವನು. ಸೈಕಲ್ ತುಳಿದುಕೊಂಡು ಹೋಗಿ ಭೂಮಿಯೊಳಗೆ ಇಳಿದು, ಮತ್ತೆ ಮೇಲೆ ಬಂದು, ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದ. ಅವನು ಬರುವ ಹೊತ್ತು ಹತ್ತಿರವಾದರೆ ಅವ್ವ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಹೊಸಿಲ ಹೊರಗೆ ಬಂದು, ಸೊಂಟದ ಮೇಲೆ ಒಂದು ಕೈ ಇಟ್ಟು, ರಸ್ತೆಯನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಪಕ್ಕದಲ್ಲೇ ಜಗಲಿ ಇತ್ತು. ಕೂರಬಹುದಿತ್ತು. ಕೂರುತ್ತಿರಲಿಲ್ಲ. ನಾನು ಅವಳ ಬೆನ್ನ ಹಿಂದೆ ಅದೇ ಥರ ಸೊಂಟದ ಮೇಲೆ ಕೈ ಇಟ್ಟು ನಿಂತು, ಮೂತಿ ಉದ್ದ ಮಾಡಿ ತಂಗಿಯನ್ನು ನಗಿಸುತ್ತಿದ್ದೆ. ಸಿಕ್ಕಿಬಿದ್ದ ದಿನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಸೈಕಲ್ ಗಂಟೆ ಕೇಳಿದ ಕೂಡಲೇ ಅವ್ವ ಏನೂ ಆಗದವಳ ಹಾಗೆ ಒಳಗೆ ಹೋಗಿ ಮುದ್ದೆ ತಿರುವಲು ಕೂರುತ್ತಿದ್ದಳು.

ಅಪ್ಪ ಕೆಳಗೆ ಹೋದ, ನಾನು ಮೇಲೆ ಹೋದೆ. ನೆಲದ ಮೇಲೆ ನಿಂತು ದುಡಿದವರು ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ.

ನಮ್ಮ ತಂಡ ಅಂದರೆ ಮೂರು ಜನ. ನಾನು ಸೀನಪ್ಪ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನಾದ ಮುನಿರಾಜು, ಬಂಗಾರಪೇಟೆ ಪಕ್ಕದ ಹಳ್ಳಿಯವನು, ಎರಡು ಹೆಣ್ಣುಮಕ್ಕಳ ತಂದೆ. ಮತ್ತೆ ಆಂಡರ್ಸನ್‌ಪೇಟೆಯ ಸೆಲ್ವಂ, ನನ್ನ ವಾರಿಗೆಯವನು, ಒಂದೇ ವಾಕ್ಯವನ್ನು ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ನಡೆಸಿ ತೆಲುಗಿನಲ್ಲಿ ಮುಗಿಸುವವನು. ಕೆಜಿಎಫ್, ಬಂಗಾರಪೇಟೆ, ನಡುವಿನ ರಸ್ತೆ, ಇಲ್ಲಿರುವ ನಮ್ಮ ಓನರ್‌ನ ಬೋರ್ಡುಗಳೆಲ್ಲ ನಮ್ಮ ಪಾಲು. ಹಳೆಯ ಫ್ಲೆಕ್ಸ್ ಇಳಿಸುವುದು, ಹೊಸದು ಕಟ್ಟುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಲೈಟು ನೋಡುವುದು, ಚೌಕಟ್ಟಿನ ಸಂದಿಯಲ್ಲಿ ಕಟ್ಟಿದ ಕಣಜದ ಗೂಡನ್ನು ಓಡಿಸುವುದು, ಅದು ನಮ್ಮನ್ನೇ ಓಡಿಸಿದರೆ ಓಡುವುದು. ಗಾಳಿ ಮಳೆ ಬಂದ ಮಾರನೆಯ ದಿನ ಊರೆಲ್ಲ ಸುತ್ತಿ ಯಾವುದು ಹರಿದಿದೆ, ಯಾವುದು ಜೋತಿದೆ ನೋಡುವುದು.

ಈ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಊರಿಗೆಲ್ಲ ಕಾಣುವ ಚಿತ್ರ, ಕಟ್ಟುವವನಿಗೆ ಕಾಣುವುದಿಲ್ಲ. ನಾವು ಇರುವುದು ಬೋರ್ಡಿನ ಹಿಂದೆ, ಕಬ್ಬಿಣದ ಚೌಕಟ್ಟಿನ ಮೇಲೆ. ನಮ್ಮ ಮೂಗಿನ ಮುಂದೆ ಫ್ಲೆಕ್ಸ್‌ನ ಬೂದು ಬಣ್ಣದ ಬೆನ್ನು. ಎಷ್ಟೋ ಚೆಂದದ ಹೆಣ್ಣುಗಳ ಬೆನ್ನ ಹಿಂದೆ ನಿಂತು ಬೆವರು ಒರೆಸಿಕೊಂಡವನು ನಾನು, ಒಬ್ಬಳ ಮುಖವೂ ನೆಟ್ಟಗೆ ನೆನಪಿಲ್ಲ. ಹಾಗಾಗಿ ಮೊದಲು ಫ್ಲೆಕ್ಸನ್ನು ನೆಲದ ಮೇಲೆ ಹಾಸುತ್ತೇವೆ. ಚಪ್ಪಲಿ ಬಿಟ್ಟು ಸುತ್ತ ನಡೆದು ನೋಡುತ್ತೇವೆ. "ಮೊಗ ತುಳೀಬೇಡ್ರಪ್ಪಾ, ಪಾವಂ, ಪಾಪ" ಎಂದು ಸೆಲ್ವಂ ಪ್ರತಿಸಲವೂ ಕೂಗುತ್ತಾನೆ, ಅದು ಬನಿಯನ್ ಹಾಕಿಕೊಂಡ ಗಂಡಸಿನ ಮುಖವಾದರೂ ಸರಿ. ನಾನು ಚಿತ್ರದ ತಲೆಯ ಕಡೆ ನಿಂತು ಕಣ್ಣು ಮುಚ್ಚಿ, ಇಡೀ ಚಿತ್ರವನ್ನು ದೋಸೆ ಮಗುಚಿದ ಹಾಗೆ ಮನಸ್ಸಿನಲ್ಲಿ ಮಗುಚಿಕೊಳ್ಳುತ್ತೇನೆ. ಮೇಲೆ ಹೋದ ಮೇಲೆ ಆ ಮಗುಚಿದ ದೋಸೆಯೇ ನನಗೆ ದಾರಿ.

ಇದು ಯಾಕೆ ಬೇಕು ಅಂದರೆ, ಗಾಳಿಕಿಂಡಿಗೋಸ್ಕರ. ದೊಡ್ಡ ಬೋರ್ಡಿಗೆ ಗಾಳಿ ಹೊಡೆದರೆ ಫ್ಲೆಕ್ಸ್ ಬಸುರಿಯ ಹಾಗೆ ಹೊಟ್ಟೆ ಬಿಡುತ್ತದೆ. ಗಾಳಿಗೆ ದಾರಿ ಕೊಡದಿದ್ದರೆ ಕಟ್ಟು ಕಿತ್ತುಕೊಂಡು, ಕೆಲವು ಸಲ ಚೌಕಟ್ಟನ್ನೂ ಬಗ್ಗಿಸಿಕೊಂಡು ಹೋಗುತ್ತದೆ. ಅದಕ್ಕೆ ಕಟ್ಟಿದ ಮೇಲೆ ಹೊಟ್ಟೆ ಬಂದ ಕಡೆ ಚಾಕುವಿನಿಂದ ಅರ್ಧಚಂದ್ರದ ಹಾಗೆ ಕೊಯ್ಯುತ್ತೇವೆ. ಗಾಳಿ ಬಂದಾಗ ಆ ತುಂಡು ಎದ್ದು ದಾರಿ ಬಿಡುತ್ತದೆ, ಗಾಳಿ ಹೋದಾಗ ಮುಚ್ಚಿಕೊಳ್ಳುತ್ತದೆ. ಚಿತ್ರದಲ್ಲಿ ಆಕಾಶ ಇದ್ದರೆ ಆಕಾಶದಲ್ಲಿ, ಬರೀ ಬಣ್ಣ ಇದ್ದರೆ ಬಣ್ಣದಲ್ಲಿ ಕೊಯ್ಯಬೇಕು. ಅಕ್ಷರ ಮುಟ್ಟಬಾರದು, ಮುಖದ ಹತ್ತಿರಕ್ಕೂ ಹೋಗಬಾರದು. ಹಿಂದಿನಿಂದ ಕಾಣದೆ ಇದನ್ನು ಮಾಡುವುದೇ ಕಸುಬು. ಮೂವತ್ತು ವರ್ಷದಲ್ಲಿ ನನ್ನ ಚಾಕು ಒಂದು ಸಲವೂ ತಪ್ಪಿರಲಿಲ್ಲ. ಇದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನು ದಿಕ್ಕು. ಕೆಳಗೆ ನಿಂತು ಮೇಲಿನವರಿಗೆ ಹೇಳುವವನು ಸೆಲ್ವಂ. ಅವನು ಮುಂದೆ, ನಾವು ಹಿಂದೆ. ಅವನ ಎಡ ನಮ್ಮ ಬಲ. ಶುರುವಿನಲ್ಲಿ ಎಡ ಬಲ ಅಂತ ಕೂಗಾಡಿ ಎಷ್ಟೋ ಬೋರ್ಡು ಸೊಟ್ಟಗಾದವು, ಮಾತಿಗೆ ಮಾತು ಬೆಳೆದು ವಾರಗಟ್ಟಲೆ ಮೂತಿ ತಿರುಗಿಸಿಕೊಂಡದ್ದೂ ಆಯಿತು. ಕೊನೆಗೆ ಊರುಗಳ ಹೆಸರು ಹಿಡಿದೆವು. ಮುಂದೆ ನಿಂತರೂ ಹಿಂದೆ ನಿಂತರೂ ಕೋಲಾರ ಇದ್ದ ಕಡೆಯೇ ಇರುತ್ತದಲ್ಲ! "ಕೋಲಾರದ ಕಡೆ ನಾಲ್ಕು ಬೆರಳು ಎಳಿ", "ಬೇತಮಂಗಲದ ಕಡೆ ಇಳೀಬಿಡು" ಅಂದರೆ ಜಗಳವೇ ಇಲ್ಲ. ಈ ಅಭ್ಯಾಸ ನನ್ನ ಮೈಗೆ ಹತ್ತಿಬಿಟ್ಟಿದೆ. ಮದುವೆ ಊಟದ ಸಾಲಿನಲ್ಲಿ ಪಕ್ಕದವರಿಗೆ "ಒಸಿ ಮುಳಬಾಗಿಲ ಕಡೆ ಸರೀರಿ" ಅಂದಿದ್ದೇನೆ. ಕ್ಷೌರದ ಕುರ್ಚಿಯಲ್ಲಿ ಕೂತು, ತಲೆ ಬಂಗಾರಪೇಟೆ ಕಡೆ ತಿರುಗಿಸಲೇನಪ್ಪ ಅಂತ ಕೇಳಿದ್ದೇನೆ. ಆತ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದ.

ಎಲ್ಲಿದ್ದೆ? ಹಾಂ, ಹಗ್ಗ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಈಗ ಬೆಲ್ಟು ಬಂದಿದೆ, ಹಾಕಿಕೊಳ್ಳುತ್ತೇವೆ. ಆದರೆ ನಮಗೆ ನಂಬಿಕೆ ಜೋಡಿ ಹಗ್ಗದ ಮೇಲೆ. ಒಂದೇ ಹಗ್ಗ, ಮೇಲಿನ ಕಬ್ಬಿಣದ ಮೇಲಿಂದ ಹಾದು ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಮುನಿರಾಜು ಸೊಂಟಕ್ಕೆ. ನಾನು ಜಾರಿದರೆ ಅವನ ಭಾರ ನನ್ನನ್ನು ಹಿಡಿಯುತ್ತದೆ, ಅವನು ಜಾರಿದರೆ ನನ್ನ ಭಾರ. ಇಬ್ಬರೂ ಗಟ್ಟಿಯಾಗಿದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಬ್ಬನಿಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಅದರಷ್ಟು ಕೆಟ್ಟದ್ದೂ ಇಲ್ಲ.

ಅದಕ್ಕೇ ಹತ್ತುವ ಮುಂಚೆ ಒಂದು ಪದ್ಧತಿ. ಯಾರು ಶುರು ಮಾಡಿದರೋ, ನಮಗಿಂತ ಮುಂಚಿನವರಿಂದ ಬಂದದ್ದು. ಬೋರ್ಡಿನ ಕಂಬದ ಬುಡದಲ್ಲಿ ಒಬ್ಬ ಕೇಳಬೇಕು: "ಉಂಡ್ಯಾ?" ಇನ್ನೊಬ್ಬ "ಉಂಡೆ" ಅಂದರೆ ಹತ್ತುವುದು. ಅದು ಬರೀ ಊಟದ ಪ್ರಶ್ನೆಯಲ್ಲ. ಹೊಟ್ಟೆ, ಜ್ವರ, ನಿದ್ದೆ, ಹೆಂಡತಿ ಜೊತೆ ಜಗಳ, ಸಾಲಗಾರನ ಕಾಟ, ಎಲ್ಲ ಅದರಲ್ಲಿ ಸೇರಿದೆ. ಸರಿಯಿಲ್ಲದಿದ್ದರೆ "ಇವತ್ತು ಬ್ಯಾಡ" ಅನ್ನಬೇಕು. ಅಂದರೆ ಮುಗಿಯಿತು. ಯಾಕೆ ಅಂತ ಯಾರೂ ಕೇಳಬಾರದು. ಕೇಳಿದರೆ ನಾಳೆ ಅವನು ಸುಳ್ಳು ಹೇಳಿ ಹತ್ತುತ್ತಾನೆ. ಒಂದು ಸಲ ಮುನಿರಾಜು "ಇವತ್ತು ಬ್ಯಾಡ" ಅಂದ. ಮೂವರೂ ಬೋರ್ಡಿನ ನೆರಳಲ್ಲಿ ಕೂತು ಕಡಲೇಕಾಯಿ ತಿಂದು ಮನೆಗೆ ಹೋದೆವು. ಅವನ ಹೆಂಡತಿ ಆವತ್ತು ತವರಿಗೆ ಹೋಗಿಬಿಟ್ಟಿದ್ದಳು ಅನ್ನುವುದು ನಮಗೆ ತಿಳಿದದ್ದು ಅವಳು ವಾಪಸು ಬಂದು ಎಷ್ಟೋ ದಿನವಾದ ಮೇಲೆ.

ಇಂಥ ಪದ್ಧತಿ ಇರುವ ತಂಡದಲ್ಲಿ ನಾನು ನಾಲ್ಕು ತಿಂಗಳು ಸುಳ್ಳು ಹೇಳಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಅದನ್ನು ಬಿಟ್ಟರೆ ಇಲ್ಲಿ ಹೇಳುವುದಕ್ಕೆ ಏನೂ ಇಲ್ಲ.

ಶುರುವಾದದ್ದು ಕೋರಮಂಡಲ್ ಕಡೆಯ ಒಂದು ಬೋರ್ಡಿನ ಮೇಲೆ. ಮೇಲಿಂದ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದು ಬಿಟ್ಟ ಗಣಿಮಣ್ಣಿನ ರಾಶಿ, ಕಾಣುತ್ತದೆ. ಹುಡುಗರಾಗಿದ್ದಾಗ ತಗಡಿನ ಚೂರಿನ ಮೇಲೆ ಕೂತು ಅದರ ಮೇಲಿಂದ ಜಾರಿ, ಚಡ್ಡಿ ಹರಿದುಕೊಂಡು ಹೋದವರು ನಾವು. ಆವತ್ತು ಆ ಗುಡ್ಡವೇ ನನ್ನ ಕಡೆಗೆ ಜಾರಿಕೊಂಡು ಬಂದ ಹಾಗಾಯಿತು. ಕಬ್ಬಿಣ ತಬ್ಬಿಕೊಂಡೆ. ಹತ್ತು ಎಣಿಸುವಷ್ಟರಲ್ಲಿ ಗುಡ್ಡ ತನ್ನ ಜಾಗಕ್ಕೆ ಹೋಗಿ ಕೂತಿತು. ಪಿತ್ತ ಅಂದುಕೊಂಡೆ. ರತ್ನಮ್ಮನ ಹತ್ತಿರ ಬರೀ ಪಿತ್ತ ಅಂತಲೇ ಹೇಳಿ ದಿನಾ ಬೆಳಿಗ್ಗೆ ಶುಂಠಿ ರಸ ಕುಡಿದೆ. ವಾರ ಬಿಟ್ಟು ಮತ್ತೆ ಬಂತು. ಆಮೇಲೆ ವಾರಕ್ಕೆ ಎರಡು ಸಲ.

ಗುಟ್ಟಾಗಿ ಆಂಡರ್ಸನ್‌ಪೇಟೆಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಕಿವಿಯೊಳಗಿನ ತೊಂದರೆ. ಮಾತ್ರೆ ಕೊಡ್ತೀನಿ, ಆದರೆ ಇದು ಯಾವಾಗ ಬೇಕಾದರೂ ಬರಬಹುದು. ಏನು ಕೆಲಸ ಮಾಡ್ತೀರಿ?" ಎಂದರು.

"ದಿನಸಿ ಅಂಗಡಿ, ಸಾರ್" ಅಂದೆ. ಯಾಕೆ ಹಾಗಂದೆನೋ ದೇವರಿಗೇ ಗೊತ್ತು.

"ಹಾಗಾದ್ರೆ ಪರವಾಗಿಲ್ಲ. ಮೇಲಿನ ಗೂಡಿನ ಡಬ್ಬ ತೆಗೆಯೋಕೆ ಅಂತ ಸ್ಟೂಲ್ ಗೀಲ್ ಹತ್ತಬೇಡಿ, ಅಷ್ಟೇ."

ಆಯ್ತು ಸಾರ್, ಸ್ಟೂಲ್ ಹತ್ತುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಮಾರನೆಯ ದಿನ ನಲವತ್ತು ಅಡಿ ಹತ್ತಿದೆ. ಡಾಕ್ಟರಿಗೆ ಕೊಟ್ಟ ಮಾತಿಗೆ ತಪ್ಪಿಲ್ಲ, ಇವತ್ತಿಗೂ ಸ್ಟೂಲ್ ಹತ್ತಿಲ್ಲ.

"ಇವತ್ತು ಬ್ಯಾಡ" ಅನ್ನಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅನ್ನಬಹುದಿತ್ತು, ಒಂದು ದಿನ. ಜ್ವರ ಇವತ್ತು ಇದ್ದು ನಾಳೆ ಹೋಗುತ್ತದೆ. ನನ್ನದು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ. ದಿನಾ "ಇವತ್ತು ಬ್ಯಾಡ" ಅನ್ನುವವನಿಗೆ ಬೋರ್ಡಿನ ಕೆಳಗೆ ಏನು ಕೆಲಸ? ನೆಲದ ಮೇಲೆ ನಿಂತು ನಾನೇನು ಮಾಡಲಿ? ಈ ಯೋಚನೆ ಬಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಹಿತ್ತಲಿಗೆ, ಹಿತ್ತಲಿಂದ ಬೀದಿಗೆ, ಬೀದಿಯಿಂದ ಮತ್ತೆ ಒಳಕ್ಕೆ. ಬೆಳಿಗ್ಗೆ ಮುನಿರಾಜು "ಉಂಡ್ಯಾ ಸೀನಣ್ಣ?" ಅಂದಾಗ "ಉಂಡೆ ಕಣ್ಲಾ" ಅಂತ ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದೆ. ಅನ್ನುವಾಗ ಅವನ ಮುಖ ನೋಡುತ್ತಿರಲಿಲ್ಲ. ಅವನ ಸೊಂಟದ ಗಂಟು ನೋಡುತ್ತಿದ್ದೆ. ಆ ಗಂಟಿನ ಇನ್ನೊಂದು ತುದಿ ನಾನು. ನಾನು ಬಿದ್ದರೆ ಅವನ ಎರಡು ಹೆಣ್ಣುಮಕ್ಕಳನ್ನೂ ಎಳೆದುಕೊಂಡೇ ಬೀಳುತ್ತೇನೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆ. ಅಹಂಕಾರ ಅನ್ನಿ, ಭಯ ಅನ್ನಿ. ಎರಡೂ ಹೌದು.

ಹೋದ ವರ್ಷದ ಆಷಾಢ. ಬಂಗಾರಪೇಟೆಯಲ್ಲಿ, ರಸ್ತೆಯ ಉದ್ದಕ್ಕೆ ನಿಂತ ದೊಡ್ಡ ಬೋರ್ಡು. ಅದರ ಒಂದು ತುದಿ ಕೋಲಾರದ ಕಡೆ, ಇನ್ನೊಂದು ಕೆಜಿಎಫ್ ಕಡೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆದರೆ ಶ್ರಾವಣಕ್ಕೆ ಜನ ಈಗಿನಿಂದಲೇ ಒಡವೆಯ ಯೋಚನೆ ಮಾಡಲಿ ಅಂತ ಒಂದು ಒಡವೆ ಅಂಗಡಿಯವರ ಮದುಮಗಳು ಬಂದಿದ್ದಳು. ಮೂಗುತಿಯಿಂದ ಡಾಬಿನವರೆಗೆ ಮೈತುಂಬ ಚಿನ್ನ. ತುಟಿ ಮುಚ್ಚಿ, ಕಣ್ಣು ಕೆಳಗೆ ಹಾಕಿ, ನಾಚಿಕೊಂಡು ಕೂತಿದ್ದಾಳೆ. ಅವಳಿಂದ ಕೋಲಾರದ ಕಡೆಗೆ ಬರೀ ಕೆಂಪು ಬಣ್ಣ. ಕಿಂಡಿಗಳೆಲ್ಲ ಆ ಕೆಂಪಿನಲ್ಲಿ ಅಂತ ನೆಲದ ಮೇಲೆ ನೋಡಿಕೊಂಡೆ, ಕಣ್ಣು ಮುಚ್ಚಿ ಮಗುಚಿಕೊಂಡೆ.

"ಉಂಡ್ಯಾ ಸೀನಣ್ಣ?"

"ಉಂಡೆ ಕಣ್ಲಾ, ಹತ್ತು."

ನಾಲ್ಕು ಮೂಲೆ ಕಟ್ಟುವವರೆಗೆ ಎಲ್ಲ ಚೆನ್ನಾಗಿತ್ತು. ಬದಿಗಳನ್ನು ಕಟ್ಟಿ ಮುಗಿಸುವ ಹೊತ್ತಿಗೆ ಗಾಳಿ ಎದ್ದಿತು. ಫ್ಲೆಕ್ಸ್ ಹೊಟ್ಟೆ ಬಿಟ್ಟು ನಮ್ಮ ಎದೆಗೇ ಒದೆಯತೊಡಗಿತು. ಕೆಳಗಿಂದ ಸೆಲ್ವಂ ಕೂಗಿದ: "ಸೀನಾ! ಕೋಲಾರದ ಕಡೆ ಒಂದು ಮಾರು ಓಗು, ಓಗಿ ಕಿಂಡಿ ಕೊಯ್ಯಿ! ಸೀಕ್ರಂ!"

ಚಾಕು ತೆಗೆದೆ. ತಲೆ ಎತ್ತಿದೆ. ಆಗ ಬಂತು ನೋಡಿ. ಆಕಾಶ ಒಂದು ಸುತ್ತು ಸುತ್ತಿತು, ರೈಲ್ವೆ ಹಳಿ ಮೇಲೆ ಹೋಯಿತು, ಕಾಲ ಕೆಳಗಿನ ಕಬ್ಬಿಣ ಎಲ್ಲಿದೆಯೋ ತಿಳಿಯಲಿಲ್ಲ. ಕಾಲು ತಪ್ಪಿ ಒಂದು ಗಳಿಗೆ ಹಗ್ಗದ ಮೇಲೆ ಜೋತುಬಿದ್ದೆ. ಕೈಗೆ ಸಿಕ್ಕ ಪಟ್ಟಿಯನ್ನು ಹಿಡಿದು ಮತ್ತೆ ನಿಂತೆ. ನಿಂತ ಮೇಲೂ ಒಂದು ವಿಷಯ ಮಾತ್ರ ವಾಪಸು ಬರಲಿಲ್ಲ. ಕೋಲಾರ ಯಾವ ಕಡೆ? ಐವತ್ತೈದು ವರ್ಷ ಇದೇ ನೆಲದಲ್ಲಿ ಹುಟ್ಟಿ ಬೆಳೆದು ತಿರುಗಿದವನಿಗೆ ಕೋಲಾರ ಯಾವ ಕಡೆ ಅಂತ ಗೊತ್ತಾಗಲಿಲ್ಲ. ನನಗೆ ಅಳು ಬಂತು. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ತಿಳಿದುಬಿಡುತ್ತದಲ್ಲ!

"ಸೀನಣ್ಣಾ, ಆಯ್ತಾ?" ಅಂದ ಮುನಿರಾಜು ಇನ್ನೊಂದು ತುದಿಯಿಂದ.

"ಆಯ್ತು, ಆಯ್ತು" ಅಂದೆ. ಒಂದು ಕಡೆಗೆ ಒಂದು ಮಾರು ಸರಿದೆ. ಚಾಕು ಹಾಕಿ ಎಳೆದೆ.

ಕೆಳಗಿಂದ ಸೆಲ್ವಂ ಮೂರೂ ಭಾಷೆಗಳಲ್ಲಿ ಕಿರುಚಿದ್ದು ಕೇಳಿಸಿತು.

ನಾನು ಸರಿದದ್ದು ಕೆಜಿಎಫ್ ಕಡೆಗೆ. ಕೊಯ್ದದ್ದು ಮದುಮಗಳ ಬಾಯನ್ನು. ಅದೂ ಅಳತೆ ಹಿಡಿದು ಕೊಯ್ದ ಹಾಗೆ, ತುಟಿಯ ಮೇಲೇ. ಗಾಳಿ ಬಂದಾಗ ಬಾಯಿ ತೆರೆಯುತ್ತದೆ, ಗಾಳಿ ನಿಂತಾಗ ಮುಚ್ಚುತ್ತದೆ. ಆಷಾಢದ ಗಾಳಿ ಒಂದೇ ಸಮ ಬೀಸುತ್ತದೆಯೇ? ಬಿಟ್ಟು ಬಿಟ್ಟು ಬೀಸುತ್ತದೆ. ಮೈತುಂಬ ಒಡವೆ ಹಾಕಿಕೊಂಡ ಆ ನಾಚಿಕೆಯ ಹೆಣ್ಣು ಇಡೀ ಬಂಗಾರಪೇಟೆಯ ಮುಂದೆ ಪಟಪಟಪಟ ಮಾತಾಡತೊಡಗಿದಳು.

ಆಟೋಗಳು ನಿಂತವು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು. "ಏಮಪ್ಪೋ, ಪೆಂಡ್ಲಿಕೂತುರು ಮಾಟ್ಲಾಡ್ತಾ ಉಂದಿ!" ಎಂದು ಒಬ್ಬ ಮುದುಕ ಮದುಮಗಳು ಮಾತಾಡುವುದನ್ನು ಕಂಡು ತೆಲುಗಿನಲ್ಲಿ ಬೆರಗುಪಟ್ಟ. ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬುಟ್ಟಿ ಇಳಿಸಿಯೇ ನಿಂತಳು. "ಅಯ್ಯೋ ನಮ್ಮವ್ವ, ತಾಳಿ ಬೀಳೋಕ್ ಮುಂಚೇನೇ ಇಂಗ್ ಬಾಯ್ ಮಾಡ್ತಾವ್ಳೆ, ಆಮೇಲೆ ಇವ್ಳನ್ನ ಯಾವನ್ ತಡ್ಕಂತಾನೆ!" ಊರೆಲ್ಲ ನಕ್ಕಿತು. ಓನರ್ ಫೋನಿನಲ್ಲಿ ನಗಲಿಲ್ಲ. ನಾಳೆ ಬೆಳಿಗ್ಗೆಯೊಳಗೆ ಆ ಬಾಯಿ ಮುಚ್ಚಬೇಕು ಅಂದ. ಆವತ್ತೇ ಹೊಲಿಯುವ ಹಾಗಿರಲಿಲ್ಲ, ಗಾಳಿ ಅಷ್ಟಿತ್ತು.

ಕೆಳಗಿಳಿದು ನಾನೂ ನಕ್ಕೆ. ತಪ್ಪು ಮಾಡಿದವನು ಎಲ್ಲರಿಗಿಂತ ಮೊದಲು ನಗಬೇಕು, ಅದೊಂದು ಉಪಾಯ. "ನೋಡ್ಲಾ ಮುನಿರಾಜು, ಮೂವತ್ ವರ್ಸಕ್ಕೆ ಒಂದ್ ಎಣ್ಣು ನನ್ ಕೈಯಾಗೆ ಮಾತಾಡಿದ್ಲು" ಅಂದೆ. ಮುನಿರಾಜು ನಗಲಿಲ್ಲ. ಸೊಂಟದ ಗಂಟು ಬಿಚ್ಚುತ್ತ, ಹಗ್ಗವನ್ನೇ ನೋಡುತ್ತ, ಮೆಲ್ಲಗೆ ಅಂದ:

"ಒಂದ್ ಗಳಿಗೆ ನಿನ್ ಭಾರ ಎಲ್ಲಾ ನನ್ ಸೊಂಟಕ್ ಬಂತು, ಸೀನಣ್ಣ."

ಅಷ್ಟೇ. ಅಂಗಿ ಎತ್ತಿ ಬೆವರು ಒರೆಸಿಕೊಂಡ. ಸೊಂಟದ ಸುತ್ತ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಅದಕ್ಕೊಂದು ಸುಳ್ಳು ನನ್ನ ಹತ್ತಿರ ತಯಾರಿತ್ತು.

ಆವತ್ತು ಸಂಜೆ ಮನೆಯಲ್ಲಿ ನಾನು ಕೂತ ಜಾಗ ಯಾವುದೂ ನೆನಪಿಲ್ಲ, ಕೂತಿದ್ದರೆ ತಾನೆ! ರತ್ನಮ್ಮ ತಟ್ಟೆ ಇಟ್ಟಳು, ಎದ್ದೆ. ನೀರು ಕೊಟ್ಟಳು, ಲೋಟ ಹಿಡಿದುಕೊಂಡೇ ಬಾಗಿಲಿಗೆ ಹೋದೆ. "ಏನಾಯ್ತ್ರಿ ನಿಮ್ಗೆ? ಬಾಲ ಸುಟ್ಟ ಬೆಕ್ಕಿನಂಗೆ ಆಡ್ತಿದ್ದೀರ" ಅಂದಳು. ಬೋರ್ಡಿನ ಹುಡುಗಿ ಮಾತಾಡಿದ ಕತೆ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕೋಳಿಗಳನ್ನು ಗೂಡಿಗೆ ಹಾಕಲು ಹೋದೆ. ನಮ್ಮ ಮನೆಯಲ್ಲಿ ಕೋಳಿ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು.

ಬೆಳಿಗ್ಗೆ ಬೇಗ ಬೋರ್ಡಿನ ಬುಡಕ್ಕೆ ಹೋದೆವು. ಗಾಳಿ ಇನ್ನೂ ಎದ್ದಿರಲಿಲ್ಲ, ಮದುಮಗಳ ಬಾಯಿ ಮುಚ್ಚಿತ್ತು. ದಬ್ಬಳಕ್ಕೆ, ಅಂದರೆ ಗೋಣಿ ಹೊಲಿಯುವ ದೊಡ್ಡ ಸೂಜಿಗೆ, ನೈಲಾನ್ ದಾರ ಪೋಣಿಸಿ ಟೋಪಿಗೆ ಚುಚ್ಚಿಕೊಂಡೆ. ಹಗ್ಗದ ನನ್ನ ತುದಿಯನ್ನು ಕೈಗೆ ತೆಗೆದುಕೊಂಡೆ. ಮುನಿರಾಜು ತನ್ನ ತುದಿಯನ್ನು ಆಗಲೇ ಕಟ್ಟಿಕೊಂಡಿದ್ದ. ಹಿಂದಿನ ದಿನದ ಗುರುತಿನ ಮೇಲೇ. ನೋವಾಯಿತೆಂದು ಕಾಣುತ್ತದೆ, ಗಂಟನ್ನು ಒಂದಿಷ್ಟು ಮೇಲಕ್ಕೆ ಸರಿಸಿಕೊಂಡ. ಅವನು ಬರದೆ ಇರಬಹುದಿತ್ತು. "ಇವತ್ತು ಬ್ಯಾಡ" ಅನ್ನುವ ಹಕ್ಕು ಅವನಿಗಿತ್ತು, ಕಾರಣವೂ ಇತ್ತು. ಅವನು ಅನ್ನಲಿಲ್ಲ. ನನ್ನನ್ನು ನೋಡಿ, ದಿನಾ ಕೇಳುವ ಹಾಗೇ, ದಿನದ ದನಿಯಲ್ಲೇ ಕೇಳಿದ:

"ಉಂಡ್ಯಾ ಸೀನಣ್ಣ?"

ಬಾಯಿಗೆ "ಉಂಡೆ" ಬಂದಿತ್ತು. ಅಭ್ಯಾಸ. ಅದನ್ನು ನುಂಗಿದೆ.

"ಇವತ್ತು ಬ್ಯಾಡ ಕಣ್ಲಾ."

ಒಂದು ರೈಲು ಹೋಯಿತು, ಪೂರ್ತಿ ಹೋಗುವವರೆಗೆ ನಿಂತಿದ್ದೆವು. ಆಮೇಲೆ ಸೆಲ್ವಂ ಚಪ್ಪಲಿ ಬಿಟ್ಟ. ಲುಂಗಿಯನ್ನು ಮಡಚಿ ಕಚ್ಚೆಯ ಹಾಗೆ ಬಿಗಿದ. ನನ್ನ ಕೈಯಿಂದ ಹಗ್ಗದ ತುದಿ ತೆಗೆದುಕೊಂಡ, ಟೋಪಿಯಿಂದ ದಬ್ಬಳ ಕಿತ್ತುಕೊಂಡ.

"ಎನ್ನಪ್ಪಾ, ಎಷ್ಟ್ ವರ್ಸ ನೀನೇ ನೋಡ್ತಿಯಾ? ನಾನೂ ಮೇಲಿಂದ ಬಂಗಾರಪೇಟೆ ನೋಡ್ಬೇಡ್ವಾ?" ಅಂದ. ಮುನಿರಾಜು ಕಡೆ ತಿರುಗಿ, "ನಂದೂ ಕೇಳುಪ್ಪಾ" ಅಂದ.

"ಉಂಡ್ಯಾ ಸೆಲ್ವಣ್ಣ?"

"ಉಂಡೆ."

ಹತ್ತಿದರು.

ನಾನು ರಸ್ತೆ ದಾಟಿ ಎದುರಿಗೆ ಹೋಗಿ ನಿಂತೆ. ಮೂವತ್ತು ವರ್ಷದಲ್ಲಿ ಅಲ್ಲಿ ನಿಂತದ್ದು ಅದೇ ಮೊದಲು. ಬೋರ್ಡಿನ ಕೆಳಗಿನ ಸಂದಿಯಲ್ಲಿ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು, ಅವೂ ಸ್ವಲ್ಪ ಹೊತ್ತಿಗೆ ಚಿತ್ರದ ಹಿಂದೆ ಹೋದವು. ಆಮೇಲೆ ಏನೂ ಇಲ್ಲ. ಒಬ್ಬ ಮದುಮಗಳು, ಅವಳ ಹಿಂದೆ ಎಲ್ಲೋ ಎರಡು ಜೀವ. ಫ್ಲೆಕ್ಸ್ ಒಂದು ಚೂರು ಅಲುಗಿದರೆ ನಾನು ರಸ್ತೆಗೆ ಒಂದು ಹೆಜ್ಜೆ ಇಳಿದುಬಿಡುತ್ತಿದ್ದೆ. ಮೇಲಿದ್ದಾಗ ನನಗೆ ಇಷ್ಟು ಭಯ ಎಂದೂ ಆಗಿರಲಿಲ್ಲ. ಮೇಲಿರುವವನಿಗೆ ಕೈಕಾಲಿಗೆ ಕೆಲಸ ಇರುತ್ತದೆ. ಕೆಳಗಿರುವವನಿಗೆ ಕಣ್ಣು ಒಂದೇ. ಈ ಸೆಲ್ವಂ ಮೂವತ್ತು ವರ್ಷ ದಿನಾ ಇದನ್ನು ಹೇಗೆ ನುಂಗಿಕೊಂಡು ನಿಂತಿದ್ದ? ಒಂದು ದಿನವೂ ನಾನು ಕೇಳಿರಲಿಲ್ಲ. ಅವನಿಗೇನು, ನೆರಳಲ್ಲಿ ನಿಂತು ಕೂಗುವ ಕೆಲಸ ಅಂತ ಎಷ್ಟೋ ಸಲ ಅಂದಿದ್ದೆ.

"ಸೀನಾ, ಎಲ್ಲೋ ಬಾಯಿ? ಇಲ್ಲಿಂದ ಒಂದೂ ಕಾಣ್ಲೇ!" ಎಂದ ಸೆಲ್ವಂ ಮೇಲಿಂದ.

"ಕೋಲಾರದ ಕಡೆ ಒಂದು ಬೆರಳು!" ಅಂದೆ. ಕೋಲಾರ ಯಾವ ಕಡೆ ಅಂತ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನೆಲದ ಮೇಲೆ ಅದು ತನ್ನ ಜಾಗದಲ್ಲೇ ಇತ್ತು. "ಇನ್ನೊಂದು ಬೆರಳು. ಆಂ, ಅಲ್ಲೇ. ಚುಚ್ಚು!"

ದಬ್ಬಳದ ತುದಿ ಮದುಮಗಳ ಮೇಲ್ತುಟಿಯಿಂದ ಹೊರಗೆ ಬಂತು, ಬಿಸಿಲಿಗೆ ಮಿನುಗಿತು, ಕೆಳತುಟಿಯೊಳಗೆ ಹೋಯಿತು. ಹೀಗೆ ಒಂಬತ್ತು ಹೊಲಿಗೆ. ಕೊನೆಯ ಹೊಲಿಗೆ ಸ್ವಲ್ಪ ಎಳೆದುಕೊಂಡು ತುಟಿಯ ತುದಿ ಮೇಲಕ್ಕೆ ಹೋಯಿತು. ಮೊದಲು ಬರೀ ನಾಚಿಕೊಂಡಿದ್ದವಳು, ಈಗ ಏನೋ ಗೊತ್ತಿದ್ದೂ ಹೇಳದವಳ ಹಾಗೆ ಕಾಣುತ್ತಿದ್ದಳು. ಅದನ್ನು ಸರಿಮಾಡಿಸಲು ನನಗೆ ಮನಸ್ಸು ಬರಲಿಲ್ಲ.

ಪಕ್ಕದ ಟೀ ಅಂಗಡಿಯವನು ಬೆಂಚು ತೋರಿಸಿ, "ಕೂತ್ಕಳಣ್ಣೋ, ಎಷ್ಟೊತ್ತು ನಿಂತಿರ್ತೀಯಾ" ಅಂದ. ಬೇಡ ಅಂದೆ. ಆಗಲೇ ನೋಡಿಕೊಂಡದ್ದು, ಒಂದು ಕೈ ಸೊಂಟದ ಮೇಲಿತ್ತು. ಬೆನ್ನ ಹಿಂದೆ ಯಾರಾದರೂ ಅಣಕಿಸುತ್ತಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರಿಬ್ಬರ ಕಾಲು ನೆಲ ಮುಟ್ಟಿದ ಕೂಡಲೇ, ಏನೂ ಆಗದವನ ಹಾಗೆ, ಮೂರು ಟೀ ಹೇಳಲು ಹೋದೆ.

ಈಗ ಮತ್ತೆ ಆಷಾಢ ಬಂದಿದೆ. ಮಾತ್ರೆ ತೆಗೆದುಕೊಳ್ಳುತ್ತೇನೆ, ತಲೆಸುತ್ತು ಆಗಾಗ ಬಂದು ಹೋಗುತ್ತದೆ, ಬಂದರೆ ನೆಲದ ಮೇಲೆ ಕೂರುತ್ತೇನೆ. ರತ್ನಮ್ಮನಿಗೆ ನಾನು ಏನೂ ಹೇಳಲಿಲ್ಲ. ನನ್ನ ಅಂಗಿಗಳಲ್ಲಿ ತುಕ್ಕಿನ ಕಲೆ ಇಲ್ಲದ್ದನ್ನು ಒಗೆಯುವಾಗ ಅವಳೇ ನೋಡಿರಬೇಕು. ಒಂದು ಬೆಳಿಗ್ಗೆ ಶುಂಠಿ ರಸ ಕೊಡುವುದನ್ನು ನಿಲ್ಲಿಸಿ ಟೀ ಕೊಟ್ಟಳು, ಅಷ್ಟೇ. ಕೆಳಗೆ ನಿಂತು ಕೂಗುವುದು ನನ್ನ ಕೆಲಸ. ಸೆಲ್ವಂ ಮೇಲೆ ಹೋಗುತ್ತಾನೆ, ಇಳಿದು ಬಂದು ಮೈಕೈ ನೋವು ಅಂತ ಮೂರು ಭಾಷೆಯಲ್ಲಿ ಗೊಣಗುತ್ತಾನೆ, ಮಾರನೆಯ ದಿನ ಮತ್ತೆ ಹೋಗುತ್ತಾನೆ. ಹಗ್ಗದ ಆ ತುದಿ ಈಗ ಅವನದೇ ಎಂದು ಎಲ್ಲರಿಗೂ ಗೊತ್ತು.

ಆದರೂ ದಿನಾ ಬೆಳಿಗ್ಗೆ, ಯಾವ ಬೋರ್ಡಿನ ಬುಡದಲ್ಲೇ ಆಗಲಿ, ಮುನಿರಾಜು ತನ್ನ ತುದಿಯನ್ನು ಕಟ್ಟಿಕೊಂಡು ಮೊದಲು ನನ್ನ ಕಡೆಗೇ ತಿರುಗುತ್ತಾನೆ.

"ಉಂಡ್ಯಾ ಸೀನಣ್ಣ?"

"ಇವತ್ತು ಬ್ಯಾಡ ಕಣ್ಲಾ" ಅನ್ನುತ್ತೇನೆ.

ಒಂದು ವರ್ಷವಾಯಿತು. ಯಾಕೆ ಅಂತ ಒಬ್ಬರೂ ಕೇಳಿಲ್ಲ.